ತಾಳ ತಪ್ಪಿದ್ದು ಮಗುವೋ ಕಂಪ್ಯೂಟರೋ

ಕಳೆದ ಕಾರ್ತಿಕದಲ್ಲಿ ನನ್ನ ತಂಗಿಯ ಮಗಳ ರಂಗಪ್ರವೇಶ ಮೈಸೂರಿನ ಕುವೆಂಪುನಗರದ ವೀಣೆ ಶೇಷಣ್ಣ ಭವನದಲ್ಲಿ ನಡೆಯಿತು. ಮಂಡಿನೋವಿನಿಂದಾಗಿ ಅಮ್ಮನಿಗೆ ಹೋಗಲಾಗಲಿಲ್ಲ. ಅವರೊಬ್ಬರನ್ನೇ ಮನೆಯಲ್ಲಿ ಬಿಡಲು ಮನಸ್ಸಾಗದೆ ಅಪ್ಪನೂ ಉಳಿದುಕೊಂಡರು. ಎರಡು ವಾರಗಳ ನಂತರ ವಿಡಿಯೊದವರು ಕೊಟ್ಟ ಪೆನ್ ಡ್ರೈವನ್ನು ಅಪ್ಪನ ಕೋಣೆಯಲ್ಲಿರುವ, 2009ರಲ್ಲಿ ಕೊಂಡ ಕಂಪ್ಯೂಟರಿಗೆ ಸಿಕ್ಕಿಸಿ ಎಲ್ಲರೂ ಕುಳಿತೆವು. ಪುಷ್ಪಾಂಜಲಿ ಆರಂಭವಾದ ಹತ್ತು ಸೆಕೆಂಡಿನೊಳಗೆ ಚಿತ್ರ ನಿಂತಿತು, ಆಮೇಲೆ ನಾಲ್ಕು ಹೆಜ್ಜೆಗಳನ್ನು ಒಮ್ಮೆಲೇ ಹಾರಿ ಮುಂದೆ ಹೋಯಿತು, ಮತ್ತೆ ನಿಂತಿತು. ಧ್ವನಿ ಮಾತ್ರ ಎಲ್ಲಿಯೂ ಮುಗ್ಗರಿಸಲಿಲ್ಲ. ಮೃದಂಗ ತನ್ನ ಪಾಡಿಗೆ ನಡೆಯುತ್ತಿದ್ದರೆ ಮಗು ಒಂದು ಕಾಲೆತ್ತಿದ ಭಂಗಿಯಲ್ಲೇ ಮೂರು ಆವರ್ತ ನಿಂತಿರುತ್ತಿತ್ತು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಪ್ಪ ಕೈ ನಿಲ್ಲಿಸಿ, "ಮಗು ತಾಳ ತಪ್ಪಿಲ್ಲ ಕಣೋ, ನಿನ್ನ ಡಬ್ಬ ತಪ್ಪಿದೆ," ಎಂದರು. ಕಂಪ್ಯೂಟರು ಕೆಟ್ಟಾಗಲೆಲ್ಲ ಅದು ನನ್ನದಾಗುತ್ತದೆ.

ಮಾರನೆಯ ದಿನ, ನಾನು ಕೆಲಸಕ್ಕೆ ಹೋಗಿದ್ದಾಗ, ಅಪ್ಪ ಪರಿಚಯದ ಅಂಗಡಿಯೊಂದರ ಹುಡುಗನನ್ನು ಕರೆಸಿದ್ದರು. ಆತ ಇಂಟರ್‌ನೆಟ್ಟಿನಿಂದ ಮೂರು ಬಗೆಯ ಕೋಡೆಕ್ ಪ್ಯಾಕುಗಳನ್ನು, ಅಂದರೆ ಒತ್ತಿಟ್ಟ ವಿಡಿಯೊವನ್ನು ಬಿಡಿಸುವ ತಂತ್ರಾಂಶಗಳ ಕಟ್ಟುಗಳನ್ನು, ಇಳಿಸಿ ಹಾಕಿ, ಐನೂರು ರೂಪಾಯಿ ಪಡೆದು, "ಇದು ಗುಜರಿಗೆ ಹಾಕೋ ಮಾಲು ಸಾರ್, ಹೊಸದು ತಗೊಳ್ಳಿ," ಎಂದು ಹೇಳಿ ಹೋಗಿದ್ದ. ಆ ಪ್ಯಾಕುಗಳಿಂದ ಲಾಭವೇನೂ ಆಗಲಿಲ್ಲ. ಮೊದಲು ಸರಿಯಾಗಿ ತೆರೆಯುತ್ತಿದ್ದ ಹಳೆಯ ಕಡತಗಳೆರಡು ತಲೆಕೆಳಗಾಗಿ ಕಾಣಿಸಲು ಶುರುವಾದದ್ದೇ ಬಂತು. ಮೂರನ್ನೂ ತೆಗೆದುಹಾಕಿ ವಿಡಿಯೊ ತೋರಿಸುವ ತಂತ್ರಾಂಶವಾದ ವಿಎಲ್‌ಸಿ ಒಂದನ್ನೇ ಉಳಿಸಿಕೊಂಡೆ. ತನಗೆ ಬೇಕಾದ ಕೋಡೆಕ್‌ಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡಿರುವ ಇಂಥ ಪ್ಲೇಯರು ಇರುವಾಗ ಹೊರಗಿನಿಂದ ಪ್ಯಾಕು ತಂದು ಹಾಕುವುದು ಅನಗತ್ಯ. ಯಾವುದಾದರೂ ಜಾಲತಾಣ ತಾನಾಗಿಯೇ "ನಿಮ್ಮಲ್ಲಿ ಕೋಡೆಕ್ ಇಲ್ಲ, ಇದನ್ನು ಇಳಿಸಿಕೊಳ್ಳಿ" ಎಂದು ಒತ್ತಾಯಿಸಿದರೆ, ಅದು ವೈರಸ್ ಹಾಕುವ ಹಳೆಯ ಉಪಾಯವೆಂದೇ ತಿಳಿಯಬೇಕು.

ಗುಜರಿಯ ಮಾತನ್ನು ನಾನು ಒಪ್ಪಲಿಲ್ಲ. ಕಂಪ್ಯೂಟರ್ ಹಳೆಯದು ಎನ್ನುವುದು ನಿಜವೇ ಆದರೂ, ವಿಡಿಯೊ ತಡವರಿಸುವುದಕ್ಕೆ "ಹಳೆಯದು" ಎಂಬುದು ಕಾರಣವಾಗಲಾರದು. ಕಡತವನ್ನು ಓದುವುದು, ಒತ್ತಿಟ್ಟ ಚಿತ್ರವನ್ನು ಬಿಡಿಸುವುದು, ಬಿಡಿಸಿದ್ದನ್ನು ಪರದೆಯ ಅಳತೆಗೆ ಹಿಗ್ಗಿಸಿ ತೋರಿಸುವುದು ಎಂಬ ಮೂರು ಕೆಲಸಗಳಲ್ಲಿ ಯಾವುದು ಸೋಲುತ್ತಿದೆ ಎಂದು ತಿಳಿಯದ ಹೊರತು ಹೊಸದನ್ನು ಕೊಳ್ಳುವ ಮಾತಿಗೂ ಅರ್ಥವಿಲ್ಲ.

ಓದುವ ಕೆಲಸವನ್ನು ಮೊದಲು ಅನುಮಾನಿಸಿದೆ, ಏಕೆಂದರೆ ಅದನ್ನು ಪರೀಕ್ಷಿಸುವುದು ಸುಲಭ. ಒಂದು ಗಂಟೆ ಐವತ್ತು ನಿಮಿಷದ ಈ ಕಡತದ ಗಾತ್ರ 16 ಜಿಬಿಗಿಂತ ತುಸು ಹೆಚ್ಚು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು 2.5 ಎಂಬಿ. ಹಳೆಯ ಯುಎಸ್‌ಬಿ 2.0 ಕಿಂಡಿಯ ಮೂಲಕವೂ, ಹೆಸರಿಗೆ 480 ಮೆಗಾಬಿಟ್, ಅಂದರೆ 60 ಎಂಬಿ, ಎಂದಿದ್ದು ನಡೆಯಲ್ಲಿ ಅಷ್ಟು ಬಾರದಿದ್ದರೂ, ಸೆಕೆಂಡಿಗೆ 30 ಎಂಬಿಯವರೆಗೆ ಹಾಯುತ್ತದೆ. ಆದ್ದರಿಂದ ಪೆನ್ ಡ್ರೈವ್ ನಿಧಾನ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಕಡತವನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ನೋಡಿದಾಗಲೂ ಮಗು ಅದೇ ಭಂಗಿಯಲ್ಲಿ ಅದೇ ಜಾಗದಲ್ಲಿ ನಿಂತಿತು. ಹಾರ್ಡ್ ಡಿಸ್ಕೇ ಸವೆದಿದ್ದರೆ ಚಿತ್ರದ ಜೊತೆಗೆ ಧ್ವನಿಯೂ ನಿಲ್ಲುತ್ತದೆ, ಕೆಲವೊಮ್ಮೆ ಒಳಗಿನಿಂದ ಟಿಕ್ ಟಿಕ್ ಸದ್ದೂ ಬರುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ.

ಇನ್ನು ಬಿಡಿಸುವ ಕೆಲಸ. ವಿಎಲ್‌ಸಿಯಲ್ಲಿ ವಿಡಿಯೊ ಓಡುತ್ತಿರುವಾಗ ಕಂಟ್ರೋಲ್ ಕೀಲಿಯೊಂದಿಗೆ ಜೆ ಒತ್ತಿದರೆ ಕಡತದ ಜಾತಕ ತೆರೆದುಕೊಳ್ಳುತ್ತದೆ. ಅಲ್ಲಿ ಕಂಡದ್ದು: ಕೋಡೆಕ್ ಎಚ್‌ಇವಿಸಿ, ಅಂದರೆ ಎಚ್.265, ಚಿತ್ರದ ಅಳತೆ 3840×2160 ಚುಕ್ಕೆ, ಸೆಕೆಂಡಿಗೆ 25 ಫ್ರೇಮು, ಅಂದರೆ 25 ಬಿಡಿ ಚಿತ್ರ. ಇಷ್ಟು ತಿಳಿದ ಮೇಲೆ ರೋಗ ಅರ್ಧ ಗೊತ್ತಾದಂತೆಯೇ.

ಕೋಡೆಕ್ ಮಾಡುವ ಕೆಲಸವನ್ನು ಅಪ್ಪನಿಗೆ ನಾನು ವೇದಿಕೆಯ ಉದಾಹರಣೆಯಿಂದಲೇ ವಿವರಿಸಿದೆ. ಹಿಂದಿನ ನೀಲಿ ಪರದೆ, ನಟರಾಜನ ವಿಗ್ರಹ, ದೀಪದ ಕಂಬ, ಪಕ್ಕದಲ್ಲಿ ಕುಳಿತ ಹಾಡುಗಾರರು ಇವೆಲ್ಲ ಎರಡು ಗಂಟೆಯೂ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಬದಲಾಗುವುದು ನರ್ತಿಸುವ ಮಗು ಮಾತ್ರ. ಹಾಗಾಗಿ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಬರೆದಿಡದೆ, ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಇಟ್ಟು, ನಡುವಿನ ಫ್ರೇಮುಗಳಿಗೆ "ಈ ತುಂಡು ಇಲ್ಲಿಂದ ಇಲ್ಲಿಗೆ ಸರಿಯಿತು, ಇಷ್ಟು ಬದಲಾಯಿತು" ಎಂಬ ಟಿಪ್ಪಣಿಯನ್ನಷ್ಟೇ ಬರೆಯುತ್ತಾರೆ. ಟಿಪ್ಪಣಿ ಚಿಕ್ಕದಾದಷ್ಟೂ ಕಡತ ಚಿಕ್ಕದಾಗುತ್ತದೆ, ಆದರೆ ಅದನ್ನು ಓದಿ ಚಿತ್ರವನ್ನು ಮತ್ತೆ ಕಟ್ಟುವವನ ಶ್ರಮ ಹೆಚ್ಚುತ್ತದೆ. 2003ರಲ್ಲಿ ಬಂದ ಎಚ್.264ಕ್ಕಿಂತ 2013ರಲ್ಲಿ ಬಂದ ಎಚ್‌ಇವಿಸಿ ಅದೇ ಗುಣಮಟ್ಟವನ್ನು ಸುಮಾರು ಅರ್ಧ ಗಾತ್ರದಲ್ಲಿ ಕೊಡುತ್ತದೆ ಎಂದು ಹೊಗಳುತ್ತಾರಲ್ಲ, ಆ ಉಳಿತಾಯದ ಬೆಲೆಯನ್ನು ತೆರುವುದು ನೋಡುವವರ ಪ್ರೊಸೆಸರು. ಹೊಸ ಯಂತ್ರಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ವಿದ್ಯುನ್ಮಂಡಲಗಳಿವೆ: ಇಂಟೆಲ್‌ನ ಪ್ರೊಸೆಸರುಗಳಲ್ಲಿ 2015ರ ಆರನೆಯ ಪೀಳಿಗೆಯಿಂದ ಎಚ್‌ಇವಿಸಿಗೆ, ಏಳನೆಯ ಪೀಳಿಗೆಯಿಂದ 10 ಬಿಟ್‌ನ ಎಚ್‌ಇವಿಸಿ ಮತ್ತು ಯೂಟ್ಯೂಬ್ ಬಳಸುವ ವಿಪಿ9 ಎಂಬ ಕೋಡೆಕ್ಕಿಗೆ ಪೂರ್ಣ ಬೆಂಬಲವಿದೆ. ನಮ್ಮ ಮನೆಯದು 2.8 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೊ, ಜಿ31 ಚಿಪ್‌ಸೆಟ್, ಅದರೊಳಗಿನ ಜಿಎಂಎ 3100 ಗ್ರಾಫಿಕ್ಸ್. ಡಿವಿಡಿಗಳ ಎಂಪೆಗ್-2ಕ್ಕೆ ಅದು ಸ್ವಲ್ಪ ಕೈಜೋಡಿಸುತ್ತದೆ, ಎಚ್.264ಕ್ಕೂ ಜೋಡಿಸದು. ಎಲ್ಲ ಹೊರೆಯೂ ಎರಡು ಕೋರುಗಳ ಹೆಗಲಿಗೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಎರಡೂ ಕೋರುಗಳ ದುಡಿಮೆಯ ಗೆರೆಗಳು ಶೇಕಡಾ ನೂರರಲ್ಲಿ ಅಂಟಿಕೊಂಡಿದ್ದವು.

ಇಷ್ಟೆಲ್ಲ ಹೆಣಗಿ ತಯಾರಿಸಿದ ಚಿತ್ರ ಹೋಗಿ ಸೇರುವುದು 1440×900 ಚುಕ್ಕೆಗಳ ಮಾನಿಟರಿಗೆ. ಅಂದರೆ ಪ್ರತಿ ಫ್ರೇಮಿನಲ್ಲಿ ಸುಮಾರು 83 ಲಕ್ಷ ಚುಕ್ಕೆಗಳನ್ನು ಬಿಡಿಸಿ, ಅವುಗಳನ್ನು 13 ಲಕ್ಷಕ್ಕೂ ಕಡಿಮೆ ಚುಕ್ಕೆಗಳ ಪರದೆಯೊಳಗೆ ತುರುಕುವುದು. ಕಡತವನ್ನೇ ಪರದೆಗೆ ತಕ್ಕಂತೆ ಚಿಕ್ಕದು ಮಾಡುವುದು ಖರ್ಚಿಲ್ಲದ ದಾರಿಯಾದ್ದರಿಂದ ಅದನ್ನೇ ಮೊದಲು ಹಿಡಿದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಎಚ್.264, 1280×720, ಗುಣಮಟ್ಟದ ಅಂಕಿ 21, ಧ್ವನಿಗೆ ಎಎಸಿ ಎಂದು ಆರಿಸಿದೆ. ಅಲ್ಲಿಯೇ ಫ್ರೇಮುಗಳ ವೇಗ ಏಕಪ್ರಕಾರವಾಗಿರಲಿ ಎಂಬ ಆಯ್ಕೆಯೂ ಇದೆ. ಕ್ಯಾಮೆರಾದ ಕಡತಕ್ಕೆ ಅದು ಅಷ್ಟು ಮುಖ್ಯವಲ್ಲದಿದ್ದರೂ, ಬೆಳಕಿಗೆ ತಕ್ಕಂತೆ ವೇಗವನ್ನು ಏರಿಳಿಸುವ ಮೊಬೈಲಿನ ವಿಡಿಯೊಗಳಿಗೆ ಅದನ್ನು ಮರೆತರೆ ಕೊನೆಕೊನೆಗೆ ಧ್ವನಿಯೂ ಚಿತ್ರವೂ ಬೇರೆಬೇರೆ ದಾರಿ ಹಿಡಿಯಬಹುದು.

ಹಠಕ್ಕೆ ಬಿದ್ದು ಈ ಪರಿವರ್ತನೆಯನ್ನು ಅದೇ ಹಳೆಯ ಕಂಪ್ಯೂಟರಿನಲ್ಲಿ ರಾತ್ರಿ ಹತ್ತಕ್ಕೆ ಆರಂಭಿಸಿದ್ದೆ. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದಾಗ ಶೇಕಡಾ 31 ಆಗಿತ್ತು, ಫ್ಯಾನಿನ ಸದ್ದಿಗೆ ಅಪ್ಪನಿಗೆ ನಿದ್ದೆ ಬಂದಿರಲಿಲ್ಲ. ಅದನ್ನು ನಿಲ್ಲಿಸಿ ನನ್ನ ಕಚೇರಿಯ ಕೆಲಸದ ಲ್ಯಾಪ್‌ಟಾಪಿನಲ್ಲಿ ಮಾಡಿದೆ; ಸ್ನಾನ, ತಿಂಡಿ ಮುಗಿಯುವಷ್ಟರಲ್ಲಿ ಅದೂ ಮುಗಿದಿತ್ತು.

ಹೊಸ ಕಡತ ಚಿಕ್ಕ ಕಿಟಕಿಯಲ್ಲಿ ನೀರು ಹರಿದಂತೆ ಓಡಿತು. ಅಪ್ಪ "ದೊಡ್ಡದು ಮಾಡು" ಎಂದರು, ಪೂರ್ಣ ಪರದೆಗೆ ತಂದ ಕೂಡಲೇ ಮತ್ತೆ ತಡವರಿಕೆ. ಈ ಒಂದು ವ್ಯತ್ಯಾಸವನ್ನು ಗಮನಿಸುವುದು ಬಹಳ ಉಪಯುಕ್ತ ಎಂದು ನನಗೆ ಆಗ ಮನವರಿಕೆಯಾಯಿತು. ಕಿಟಕಿ ಚಿಕ್ಕದಿರಲಿ ದೊಡ್ಡದಿರಲಿ ಒಂದೇ ರೀತಿ ತಡವರಿಸಿದರೆ ದೋಷ ಬಿಡಿಸುವುದರಲ್ಲಿದೆ. ಚಿಕ್ಕದರಲ್ಲಿ ಸರಿಯಿದ್ದು ದೊಡ್ಡದರಲ್ಲಿ ಮಾತ್ರ ತಡವರಿಸಿದರೆ ದೋಷ ತೋರಿಸುವುದರಲ್ಲಿದೆ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಎಂಬಲ್ಲಿ ಇಂಟೆಲ್‌ನ ಹೆಸರು ಇರಲೇ ಇಲ್ಲ. "ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್" ಎಂದಿತ್ತು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು ಕೊನೆಗೊಂಡಾಗ ನಾನೇ ಮುತುವರ್ಜಿಯಿಂದ ವಿಂಡೋಸ್ 10 ಹಾಕಿಸಿದ್ದೆ, ಆದರೆ ಈ ಹಳೆಯ ಗ್ರಾಫಿಕ್ಸಿಗೆ ವಿಂಡೋಸ್ 10ರ ಡ್ರೈವರನ್ನು, ಅಂದರೆ ಅದನ್ನು ದುಡಿಸಿಕೊಳ್ಳುವ ತಂತ್ರಾಂಶವನ್ನು, ಇಂಟೆಲ್ ಹೊರತರಲಿಲ್ಲ. ಅಂದಿನಿಂದ ಪರದೆಯ ಮೇಲೆ ಚಿತ್ರ ಹಿಗ್ಗಿಸುವ ಕೆಲಸವನ್ನೂ ಪ್ರೊಸೆಸರೇ ಮಾಡುತ್ತಿತ್ತು. ಪಡಸಾಲೆಯ ಕಸ ಗುಡಿಸುವವನಿಗೇ ಒಲೆಯ ಮುಂದಿನ ಕೆಲಸವನ್ನೂ ಹೊರಿಸಿದಂತೆ. ಅಂಗಡಿಯ ಹುಡುಗ ನೋಡಬೇಕಾಗಿದ್ದು ಈ ಒಂದು ಸಾಲನ್ನು. ಐದು ವರ್ಷ ನಾನೂ ನೋಡಿರಲಿಲ್ಲವಾದ್ದರಿಂದ ಅವನನ್ನು ಬಹಳ ದೂರುವಂತಿಲ್ಲ.

ಡ್ರೈವರೇ ಇಲ್ಲದ ಗ್ರಾಫಿಕ್ಸಿಗೆ ಪರಿಹಾರವೆಂದರೆ ಬೇರೆ ಗ್ರಾಫಿಕ್ಸ್ ಕಾರ್ಡು. ಅದನ್ನು ಕೊಳ್ಳುವ ಮೊದಲೇ ಇನ್ನೊಂದು ತೊಂದರೆ ಕಣ್ಣಿಗೆ ಬಿತ್ತು: ಚಿಕ್ಕ ಕಿಟಕಿಯಲ್ಲಿ ಸರಾಗವಾಗಿ ಓಡುತ್ತಿದ್ದ ವಿಡಿಯೊ ನಲವತ್ತು ನಿಮಿಷವಾದ ಮೇಲೆ, ವರ್ಣ ಎಂಬ ನೃತ್ಯಬಂಧದ ನಡುವೆ, ಇದ್ದಕ್ಕಿದ್ದಂತೆ ಮಂದವಾಗುತ್ತಿತ್ತು. ಅದೇ ಜಾಗದಿಂದ ಮರುದಿನ ಬೆಳಿಗ್ಗೆ ಆರಂಭಿಸಿದರೆ ಏನೂ ತೊಂದರೆಯಿಲ್ಲ. ಹೊತ್ತು ಕಳೆದಂತೆ ಬರುವ, ತಣ್ಣಗಾದಾಗ ಹೋಗುವ ತಡವರಿಕೆಗೆ ಶಾಖವೇ ಕಾರಣ. ಪ್ರೊಸೆಸರು ಮಿತಿಮೀರಿ ಕಾದಾಗ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೋರ್ ಟೆಂಪ್ ಎಂಬ ಪುಟ್ಟ ತಂತ್ರಾಂಶ 94 ಡಿಗ್ರಿ ತೋರಿಸಿತು.

ನಮ್ಮದು ರಸ್ತೆಗೆ ತಾಗಿದ ಮನೆ, ಕಂಪ್ಯೂಟರು ಇರುವುದು ಕಿಟಕಿಯ ಕೆಳಗೆ ನೆಲದ ಮೇಲೆ. ಪ್ಲಗ್ ಕಿತ್ತು ಪಕ್ಕದ ತಗಡು ಬಿಚ್ಚಿದಾಗ ಫ್ಯಾನಿಗೂ, ಪ್ರೊಸೆಸರಿನ ಶಾಖ ಹೀರುವ ಲೋಹದ ಹೀಟ್ ಸಿಂಕಿಗೂ ನಡುವೆ ಹಾಸಿಗೆಯ ಹತ್ತಿಯಂತೆ ದೂಳು ಕೂತಿತ್ತು. ಗಾಳಿ ಹೋಗಲು ಜಾಗವೇ ಇರಲಿಲ್ಲ. ಮೆತ್ತನೆಯ ಬಣ್ಣದ ಬ್ರಶ್ಶಿನಿಂದ ಅದನ್ನು ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಹಿಡಿದು ಬ್ಲೋಯರಿನಿಂದ ಊದಿದೆ. ಹಿಡಿಯದಿದ್ದರೆ ಗಾಳಿಯ ರಭಸಕ್ಕೆ ಫ್ಯಾನು ವಿಪರೀತ ತಿರುಗಿ ಬೇರಿಂಗು ಹಾಳಾಗುವ ಸಂಭವವಿದೆ. ಹೀಟ್ ಸಿಂಕಿನ ನಾಲ್ಕು ಗೂಟಗಳನ್ನು ತಿರುಗಿಸಿ ಎತ್ತಿದಾಗ ಕೆಳಗಿದ್ದ, ಶಾಖ ದಾಟಿಸುವ ಪೇಸ್ಟು ಒಣಗಿದ ವಿಭೂತಿಯಂತೆ ಉದುರಿತು. ಅದನ್ನು ಸ್ಪಿರಿಟ್ಟಿನಿಂದ ಒರೆಸಿ, ಹೊಸ ಥರ್ಮಲ್ ಪೇಸ್ಟನ್ನು ಬಟಾಣಿ ಕಾಳಿನಷ್ಟು ಮಾತ್ರ ಇಟ್ಟು ಮತ್ತೆ ಕೂರಿಸಿದೆ. ನಾಲ್ಕು ಗೂಟಗಳಲ್ಲಿ ಒಂದು ಸರಿಯಾಗಿ ಕೂತಿರಲಿಲ್ಲವೆಂದು ಗೊತ್ತಾದದ್ದು ಕಂಪ್ಯೂಟರು ಎರಡೇ ನಿಮಿಷದಲ್ಲಿ ಆರಿದಾಗ. ಎರಡನೆಯ ಸಲ ಎದುರುಬದುರು ಮೂಲೆಗಳ ಗೂಟಗಳನ್ನು ಜೋಡಿಯಾಗಿ ಒತ್ತಿ, ಬೋರ್ಡಿನ ಹಿಂದೆ ಅವುಗಳ ತುದಿ ಅರಳಿದೆಯೇ ಎಂದು ಟಾರ್ಚು ಹಾಕಿ ನೋಡಿದೆ. ಶಾಖ 62ಕ್ಕೆ ಇಳಿಯಿತು. ಈ ಇಡೀ ಕೆಲಸಕ್ಕೆ ಖರ್ಚಾದದ್ದು ಪೇಸ್ಟಿನ ಬೆಲೆ ಮತ್ತು ಒಂದು ಭಾನುವಾರ. ಅಂದೇ ಡಬ್ಬವನ್ನು ನೆಲದಿಂದ ಎತ್ತಿ ಮಣೆಯೊಂದರ ಮೇಲಿಟ್ಟೆ.

ಕಾರ್ಡಿನ ವಿಷಯಕ್ಕೆ ಬಂದರೆ, ಗೆಳೆಯನೊಬ್ಬನ ಬಳಿ ಬಳಸದೆ ಬಿದ್ದಿದ್ದ ಜಿಟಿ 710 ಸಿಕ್ಕಿತು. ಫ್ಯಾನಿಲ್ಲದ, 19 ವ್ಯಾಟಿನ ಕಾರ್ಡು. ಪವರ್ ಸಪ್ಲೈಯಿಂದ ಬೇರೆ ತಂತಿ ಎಳೆಯಬೇಕಾಗಿಲ್ಲ, ಹಾಗಾಗಿ ಹದಿನಾರು ವರ್ಷದ ಸಪ್ಲೈಗೂ ಭಾರವಾಗದು. ಅದು ಎಚ್.264ನ್ನು ತಾನೇ ಬಿಡಿಸುತ್ತದೆ, ಎಚ್‌ಇವಿಸಿಯನ್ನೂ ವಿಪಿ9ನ್ನೂ ಬಿಡಿಸುವುದಿಲ್ಲ. ಈ ಮಿತಿಯನ್ನು ತಿಳಿಯದೆ ಅದನ್ನು ಕೊಂಡು ನಿರಾಶರಾದವರಿದ್ದಾರೆ. ಎಚ್‌ಇವಿಸಿಯೂ ಬೇಕೆನ್ನುವವರಿಗೆ 30 ವ್ಯಾಟಿನ ಜಿಟಿ 1030 ಇದೆ, ಆದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್ ಹಳೆಯದಾಗಿರುವ ಕೆಲವು ಬೋರ್ಡುಗಳಲ್ಲಿ ಹೊಸ ಕಾಲದ ಕಾರ್ಡು ಹಾಕಿದರೆ ಪರದೆಯೇ ಬೆಳಗದಿರುವುದುಂಟು. ಹಣ ಕೊಡುವ ಮೊದಲು ಡಬ್ಬವನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ ಹಾಕಿ ನೋಡುವುದು ಒಳ್ಳೆಯದು. ನಮ್ಮಲ್ಲಿ 710 ಮೊದಲ ಸಲಕ್ಕೇ ಎದ್ದಿತು. ಡ್ರೈವರು ಹಾಕಿದ ಮೇಲೆ ಪೂರ್ಣ ಪರದೆಯಲ್ಲಿ ರಂಗಪ್ರವೇಶ ಓಡುವಾಗ ಪ್ರೊಸೆಸರಿನ ಗೆರೆ ನೂರರಿಂದ ಹನ್ನೆರಡಕ್ಕೆ ಇಳಿದಿತ್ತು.

ಅಮ್ಮನ ದೂರು ಬೇರೆಯೇ ಇತ್ತು. ಅವರಿಗೆ ಬೇಕಾದದ್ದು ಯೂಟ್ಯೂಬಿನ ದೇವರನಾಮಗಳು, ಅವು ಕಾರ್ಡು ಹಾಕಿದ ಮೇಲೂ ಎಡವುತ್ತಿದ್ದವು. ಅಲ್ಲಿ ಓಡುತ್ತಿರುವ ವಿಡಿಯೊದ ಮೇಲೆ ಬಲಗುಂಡಿ ಒತ್ತಿ "ಸ್ಟ್ಯಾಟ್ಸ್ ಫಾರ್ ನರ್ಡ್ಸ್" ಎಂಬುದನ್ನು ಆರಿಸಿದರೆ ಕೋಡೆಕ್‌ನ ಹೆಸರೂ ಕಳೆದುಹೋದ ಫ್ರೇಮುಗಳ ಲೆಕ್ಕವೂ ಕಾಣುತ್ತವೆ. "ವಿಪಿ09" ಅಥವಾ "ಎವಿ01" ಎಂದು ಶುರುವಾದರೆ ಅದು ವಿಪಿ9 ಅಥವಾ ಎವಿ1; "ಎವಿಸಿ1" ಎಂದಿದ್ದರೆ ಎಚ್.264. ನಮ್ಮ ಕಾರ್ಡು ಬಲ್ಲದ್ದು ಕೊನೆಯದನ್ನು ಮಾತ್ರ, ಆದರೆ ಜಾಲತಾಣ ಬ್ರೌಸರು ಒಪ್ಪುವ ಹೊಸದನ್ನೇ ಕಳಿಸುತ್ತದೆ, ಯಂತ್ರದ ವಯಸ್ಸನ್ನು ಕೇಳುವುದಿಲ್ಲ. ಬ್ರೌಸರಿಗೆ "ಎಚ್264ಇಫೈ" ಎಂಬ ಸಣ್ಣ ಎಕ್ಸ್‌ಟೆನ್ಶನ್ ಸೇರಿಸಿದರೆ ಅದು ಬೇರೆ ಕೋಡೆಕ್‌ಗಳನ್ನು ನಿರಾಕರಿಸಿ ಎಚ್.264ನ್ನೇ ತರಿಸುತ್ತದೆ. ಹಾಗೆ ಮಾಡಿದಾಗ 1080 ಸಾಲಿಗಿಂತ ಹೆಚ್ಚಿನ ಗುಣಮಟ್ಟ ಸಿಗುವುದಿಲ್ಲ; 1440×900ರ ಪರದೆಗೆ ಅದರಿಂದ ನಷ್ಟವೂ ಇಲ್ಲ. ಬ್ರೌಸರಿನ ಸೆಟ್ಟಿಂಗಿನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್, ಅಂದರೆ ಬಿಡಿಸುವ ಕೆಲಸವನ್ನು ಕಾರ್ಡಿಗೆ ಒಪ್ಪಿಸುವ ಆಯ್ಕೆ, ಚಾಲೂ ಇರಬೇಕೆಂಬುದನ್ನು ಮರೆಯಬಾರದು. ಡ್ರೈವರು ಸರಿಯಿಲ್ಲದ ಯಂತ್ರಗಳಲ್ಲಿ ಮಾತ್ರ ಸಲಹೆ ತಿರುವುಮುರುವಾಗುತ್ತದೆ: ಧ್ವನಿ ಬಂದು ಚಿತ್ರದ ಜಾಗದಲ್ಲಿ ಹಸಿರು ಅಥವಾ ಕಪ್ಪು ಬಣ್ಣವಷ್ಟೇ ಕಂಡರೆ ಆ ಆಯ್ಕೆಯನ್ನು ನಿಲ್ಲಿಸಿ ನೋಡಬೇಕು.

ಇದರ ನಡುವೆ ಒಂದು ದಿನ ಯಾವ ತಾಣವೂ ತೆರೆಯದೆ "ಸಂಪರ್ಕ ಸುರಕ್ಷಿತವಲ್ಲ" ಎಂಬ ಎಚ್ಚರಿಕೆಯೇ ಎಲ್ಲೆಡೆ ಬಂತು. ಕರೆಂಟು ಹೋಗಿ ಬಂದಿತ್ತು, ಮದರ್‌ಬೋರ್ಡಿನ ಗುಂಡಿ ಸೆಲ್ ಸತ್ತಿದ್ದರಿಂದ ಕಂಪ್ಯೂಟರಿನ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿತ್ತು. ತಾರೀಖು ತಪ್ಪಿದರೆ ತಾಣಗಳ ಪ್ರಮಾಣಪತ್ರಗಳು ಬ್ರೌಸರಿನ ಲೆಕ್ಕದಲ್ಲಿ ಅಸಿಂಧುವಾಗುತ್ತವೆ. ಸಿಆರ್2032 ಸೆಲ್ ಬದಲಿಸಿದರೆ ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಈ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಬೇಡವೆಂದು ಅಪ್ಪನಿಗೆ ಹೇಳಿದ್ದೇನೆ.

ಹಳೆಯ ಡಿವಿಡಿಗಳ ಕತೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಒಂದು ವಿಡಿಯೊ ಸರಿಹೋದ ಕೂಡಲೇ ಅಪ್ಪ ಬೀರುವಿನಿಂದ ತಂಗಿಯ ಮದುವೆಯ 2006ರ ಡಿವಿಡಿ ತೆಗೆದರು. ಅದು ತಡವರಿಸಲಿಲ್ಲ, ಆದರೆ ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಏಳುತ್ತಿದ್ದವು. ಇದು ದೋಷವಲ್ಲ. ಆ ಕಾಲದ ಟಿವಿಗಳಿಗಾಗಿ ಒಂದು ಫ್ರೇಮನ್ನು ಬೆಸ ಸಾಲು, ಸಮ ಸಾಲು ಎಂದು ಎರಡು ಭಾಗ ಮಾಡಿ, ಸೆಕೆಂಡಿಗೆ ಅಂಥ 50 ಭಾಗಗಳನ್ನು ಚಿತ್ರೀಕರಿಸುತ್ತಿದ್ದರು. ಮಾನಿಟರು ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಚಲಿಸುವ ವಸ್ತು ಎರಡು ಕಡೆ ಇದ್ದಂತೆ ಕಾಣುತ್ತದೆ. ವಿಎಲ್‌ಸಿಯ ವಿಡಿಯೊ ಪಟ್ಟಿಯಲ್ಲಿ ಡಿಇಂಟರ್‌ಲೇಸ್ ಎಂಬುದನ್ನು ಚಾಲೂ ಮಾಡಿ, ವಿಧಾನಗಳಲ್ಲಿ ಯಾಡಿಫ್ ಆರಿಸಿದರೆ ಹಲ್ಲುಗಳು ಮಾಯವಾಗುತ್ತವೆ. ಯಂತ್ರ ತೀರಾ ದುರ್ಬಲವಾಗಿದ್ದರೆ ಹಗುರವಾದ ಬ್ಲೆಂಡ್ ಸಾಕು. ಗೀರು ಬಿದ್ದ ತಟ್ಟೆಯನ್ನು ಪದೇ ಪದೇ ತಿರುಗಿಸುವ ಬದಲು ಒಮ್ಮೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡೆ.

ಕಳೆದ ಭಾನುವಾರ ಸಂಜೆ ರಂಗಪ್ರವೇಶವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದೆವು. ತಿಲ್ಲಾನದ ಒಂದು ಕಡೆ ತಾಳ ಹಾಕುತ್ತಿದ್ದ ಅಪ್ಪನ ಕೈ ಅರೆಗಳಿಗೆ ತಡೆಯಿತು. ಧ್ವನಿ ಸರಿದಿರಬಹುದೆಂದು ಕೀಲಿಮಣೆಯ ಜೆ ಮತ್ತು ಕೆ ಒತ್ತಿ 50 ಮಿಲಿಸೆಕೆಂಡಿನಂತೆ ಹಿಂದೆ ಮುಂದೆ ಮಾಡಿ ನೋಡಿದೆ. ಆ ಒಂದು ಜಾಗ ಸರಿಯಾದರೆ ಉಳಿದದ್ದೆಲ್ಲ ತಪ್ಪುತ್ತಿತ್ತು. ಅಂಕಿಅಂಶದ ಪುಟದಲ್ಲಿ ಕಳೆದುಹೋದ ಫ್ರೇಮುಗಳ ಸಂಖ್ಯೆ ಸೊನ್ನೆ. ಹೇಳಿದೆ. ಅಪ್ಪ ಕನ್ನಡಕ ತೆಗೆದು ಒರೆಸುತ್ತ, "ಅದನ್ನ ಮಗುವಿನ ಮುಂದೆ ಎತ್ತಬೇಡ," ಎಂದರು.